ಬೆಂಗಳೂರಿನ ಆನೆ, ಡಾಲಿಯ ಕಡಲತೀರ

ಕಳೆದ ರಾಜ್ಯೋತ್ಸವದ ಸಂದರ್ಭದಲ್ಲಿ ವಾಕಡದಲ್ಲಿ ನಮ್ಮ ಸಂಘದವರು ಮಕ್ಕಳಿಗಾಗಿ ಒಂದು ಚಿತ್ರಸ್ಪರ್ಧೆಯನ್ನು ಏರ್ಪಡಿಸಿದ್ದರು. ವಿಷಯ: 'ನನ್ನ ಊರು'. ತೀರ್ಪುಗಾರರು ಮೂವರು, ಅವರಲ್ಲಿ ನಾನೊಬ್ಬ. ಚಿತ್ರಕಲೆಯ ಬಗ್ಗೆ ನನಗಿರುವ ಅಧಿಕಾರ ಅಷ್ಟಕ್ಕಷ್ಟೇ. ನಾಲ್ಕು ಪುಸ್ತಕ ಓದಿದ್ದೇನೆ, ಮುಂಬಯಿಯ ಗ್ಯಾಲರಿಗಳಲ್ಲಿ ಒಂದಿಷ್ಟು ಸುತ್ತಿದ್ದೇನೆ, ಹಾಗೂ ಸಂಘದಲ್ಲಿ ಬೇರಾರೂ ಒಪ್ಪಲಿಲ್ಲ. ಬಂದ ಚಿತ್ರಗಳಲ್ಲಿ ಬಹುಪಾಲು ಹಂಪಿಯ ಕಲ್ಲಿನ ರಥ, ಜೋಗದ ಜಲಪಾತ, ಮೈಸೂರಿನ ಅರಮನೆ, ಗೋಳಗುಮ್ಮಟ. ಅಂದರೆ ಯಾರ ಊರೂ ಅಲ್ಲದ, ಕ್ಯಾಲೆಂಡರಿನಲ್ಲಿ ಎಲ್ಲರದೂ ಆಗಿರುವ ಊರುಗಳು. ಅವುಗಳಿಗೇ ಬಹುಮಾನ ಕೊಟ್ಟೆವು.

ಬಹುಮಾನ ಬಾರದ ಒಂದು ಚಿತ್ರವನ್ನು ಇಲ್ಲಿ ವರ್ಣಿಸಬೇಕಾಗಿದೆ. ಅರ್ಧ ಕಟ್ಟಿದ ಎತ್ತರದ ಕಟ್ಟಡ. ಗೋಡೆಗಳಿಲ್ಲ, ಬರಿಯ ಕಂಬ ಮತ್ತು ತಾರಸಿ. ಒಂದು ಅಂತಸ್ತಿನಲ್ಲಿ ಬಾವಿ, ಮತ್ತೊಂದರಲ್ಲಿ ಬೇವಿನ ಮರ, ಅದರ ಮೇಲೆ ಎಮ್ಮೆ. ತುತ್ತತುದಿಯಲ್ಲಿ ಹೊರಚಾಚಿರುವ ಕಬ್ಬಿಣದ ಸರಳುಗಳಿಗೆಲ್ಲ ಜೋಳದ ತೆನೆಗಳು. ಕೆಳಗೆ ನೆಲದ ಮೇಲೆ ಒಬ್ಬ ಮುದುಕಿ ಮಲಗಿದ್ದಾಳೆ. ಕಟ್ಟಡ ಎಷ್ಟು ಎತ್ತರವೋ ಅವಳು ಅಷ್ಟೇ ಉದ್ದ. ಹಿಂಜೇವಾಡಿಯ ರಸ್ತೆಗೆ ತಾಗಿದ ಒಂದು ನಿರ್ಮಾಣಸ್ಥಳದ ತಗಡಿನ ಶೆಡ್ಡುಗಳಿಂದ ಬಂದಿದ್ದ ಹುಡುಗಿಯೊಬ್ಬಳು ಬರೆದದ್ದು. ವಿಜಾಪುರ ಜಿಲ್ಲೆಯ ಕಡೆಯವರು. "ವಿಷಯಕ್ಕೆ ಹೊಂದಿಲ್ಲ, ಅಸಂಬದ್ಧ" ಎಂದು ಒಬ್ಬರು ಬರೆದರು. ಉಳಿದ ಇಬ್ಬರು ಸಹಿ ಹಾಕಿದೆವು. ಹಾಳೆಯ ಹಿಂಬದಿಯಲ್ಲಿ ಆ ಹುಡುಗಿಯ ಅಚ್ಚಕನ್ನಡದ ಹೆಸರು ದೇವನಾಗರಿ ಲಿಪಿಯಲ್ಲಿತ್ತು.

ಆ ಮಗು ಸಾಲ್ವದೋರ್ ಡಾಲಿಯ ಚಿತ್ರಗಳನ್ನು ನೋಡಿರಲು ಸಾಧ್ಯವಿಲ್ಲ. ನೋಡಿದ್ದವನು ನಾನು. ಆದ್ದರಿಂದ ತಪ್ಪು ನನ್ನದು, ಮತ್ತು ಈ ಲೇಖನ ಒಂದರ್ಥದಲ್ಲಿ ಆ ತಪ್ಪಿನ ತಪ್ಪೊಪ್ಪಿಗೆ. ಆದರೆ ಡಾಲಿಯನ್ನು ಕುರಿತು ಕನ್ನಡದಲ್ಲಿ ಬರೆಯಲು ನನಗೆ ಇನ್ನೊಂದು ಕಾರಣವೂ ಇದೆ. ಹೊರನಾಡಿನಲ್ಲಿ ನೆಲೆಸಿದ ನಮ್ಮಂಥವರ ಮಟ್ಟಿಗೆ ಈತ ಏಕಕಾಲಕ್ಕೆ ಪಾಠವೂ ಹೌದು, ಎಚ್ಚರಿಕೆಯೂ ಹೌದು. ಪಾಠ ಇರುವುದು ಅವನ ಚಿತ್ರಗಳಲ್ಲಿ, ಎಚ್ಚರಿಕೆ ಅವನ ಬದುಕಿನಲ್ಲಿ.

ಡಾಲಿ ಹುಟ್ಟಿದ್ದು 1904ರ ಮೇ 11ರಂದು, ಸ್ಪೇನಿನ ಈಶಾನ್ಯದಲ್ಲಿ ಫ್ರಾನ್ಸಿನ ಗಡಿಗೆ ಹತ್ತಿರವಿರುವ ಫಿಗೆರಸ್ ಎಂಬ ಪಟ್ಟಣದಲ್ಲಿ. ತಂದೆ ನೋಟರಿ. ಸಾಲ್ವದೋರ್ ಎಂಬ ಹೆಸರಿನ ಅಣ್ಣನೊಬ್ಬ ಇವನು ಹುಟ್ಟುವ ಒಂಬತ್ತು ತಿಂಗಳ ಹಿಂದೆ ತೀರಿಕೊಂಡಿದ್ದ. ಸತ್ತವನ ಹೆಸರನ್ನೇ ಇವನಿಗೆ ಇಟ್ಟರು. ತಾನು ಯಾರು ಎಂಬ ಪ್ರಶ್ನೆ ಅವನನ್ನು ಜೀವನಪರ್ಯಂತ ಕಾಡಿದ್ದರೆ, ಮತ್ತು ಆ ಕಾಟವನ್ನು ಅವನು ಮೀಸೆ ತಿರುವಿ ಮಾರಾಟದ ಸರಕಾಗಿ ಮಾಡಿಕೊಂಡಿದ್ದರೆ, ಅದರ ಬೇರು ಇಲ್ಲಿದೆಯೆಂದು ಮನಶ್ಶಾಸ್ತ್ರದ ಒಲವುಳ್ಳವರು ಹೇಳುತ್ತಾರೆ. ಇರಬಹುದು. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವನ ಭೂಗೋಳ.

ಫಿಗೆರಸ್‌ನಿಂದ ಮೂವತ್ತು-ಮೂವತ್ತೈದು ಕಿಲೋಮೀಟರ್ ದೂರದಲ್ಲಿ ಕಡಾಕೆಸ್ ಎಂಬ ಮೀನುಗಾರರ ಊರು. ಡಾಲಿ ಮನೆತನದವರು ಬೇಸಿಗೆ ಕಳೆಯುತ್ತಿದ್ದುದು ಅಲ್ಲಿ. ಅದರಾಚೆ ಕ್ರೇಯುಸ್ ಭೂಶಿರ, ಸ್ಪೇನಿನ ಮುಖ್ಯಭೂಮಿಯ ಪೂರ್ವದ ತುದಿ. ಗಾಳಿ, ಉಪ್ಪುನೀರು ಸಾವಿರಾರು ವರ್ಷ ಕಡೆದ ಬಂಡೆಗಳು ಅಲ್ಲಿ ಸಮುದ್ರಕ್ಕೆ ಬಿದ್ದಿವೆ. ಈ ಬಂಡೆಗಳಿಗೆ ಅಲ್ಲಿನ ಬೆಸ್ತರು ಹೆಸರಿಟ್ಟಿದ್ದರು: ಇದು ಒಂಟೆ, ಇದು ಹದ್ದು. ದೋಣಿ ಸ್ವಲ್ಪ ಮುಂದೆ ಸರಿದರೆ ಒಂಟೆ ಒಂಟೆಯಾಗಿ ಉಳಿಯುವುದಿಲ್ಲ, ಮತ್ತೊಂದಾಗುತ್ತದೆ. ನಮಗಿದು ಹೊಸತೇನಲ್ಲ. ಹಂಪಿಯ ಅಕ್ಕತಂಗಿಯರ ಗುಡ್ಡವನ್ನು ನೋಡಿದವರಿಗೆ ಗೊತ್ತು; ಎರಡು ಬಂಡೆ ಒಂದಕ್ಕೊಂದು ಒರಗಿ ನಿಂತರೆ ನಮ್ಮ ಜನ ಅವನ್ನು ಬಂಡೆಯೆಂದು ಕರೆಯಲಾರರು, ಅವಕ್ಕೆ ಬಂಧುತ್ವ ಕಟ್ಟುತ್ತಾರೆ, ಕತೆ ಕಟ್ಟುತ್ತಾರೆ. ಬೆಸ್ತರ ಈ ದೃಷ್ಟಿಯನ್ನೇ ಡಾಲಿ ಮುಂದೆ ಫ್ರಾಯ್ಡನ ಪರಿಭಾಷೆ ತೊಡಿಸಿ, ಭ್ರಮೆಯನ್ನು ಬುದ್ಧಿಪೂರ್ವಕವಾಗಿ ದುಡಿಸಿಕೊಳ್ಳುವ ತನ್ನ ಸ್ವಂತ ವಿಧಾನವೆಂದು ಪ್ಯಾರಿಸ್ಸಿನಲ್ಲಿ ಮಂಡಿಸಿದನು. ಒಂದು ವಸ್ತುವನ್ನು ನೋಡುತ್ತ ನೋಡುತ್ತ ಇನ್ನೊಂದನ್ನು ಕಾಣುವುದು, ಕಂಡದ್ದನ್ನು ಛಾಯಾಚಿತ್ರದಷ್ಟು ನಿಖರವಾಗಿ ಬರೆಯುವುದು. ಹೆಸರು ಪ್ಯಾರಿಸ್ಸಿನದು, ಕಸುಬು ಕಡಾಕೆಸ್‌ನದು.

1922ರಲ್ಲಿ ಮ್ಯಾಡ್ರಿಡ್ಡಿನ ಕಲಾಶಾಲೆ ಸೇರಿದನು. ಅಲ್ಲಿಯ ವಿದ್ಯಾರ್ಥಿನಿಲಯದಲ್ಲಿ ಕವಿ ಲೋರ್ಕಾ, ಮುಂದೆ ಚಲನಚಿತ್ರ ನಿರ್ದೇಶಕನಾದ ಬುನ್ಯುಯೆಲ್ ಅವನ ಗೆಳೆಯರಾದರು. 1926ರಲ್ಲಿ, ತನ್ನನ್ನು ಪರೀಕ್ಷಿಸುವ ಯೋಗ್ಯತೆ ಪರೀಕ್ಷಕರಿಗಿಲ್ಲವೆಂದು ಹೇಳಿ ಶಾಲೆಯಿಂದ ಹೊರಬಿದ್ದನು. 1929ರಲ್ಲಿ ಪ್ಯಾರಿಸ್ಸಿನ ಸರ್ರಿಯಲಿಸ್ಟರ ಕೂಟ ಸೇರಿದನು. ನಮ್ಮ ವಿಮರ್ಶಕರು ಅತಿವಾಸ್ತವವಾದವೆಂದು ಕರೆಯುವ ಈ ಪಂಥದ ಪ್ರಣಾಳಿಕೆಯನ್ನು ಆಂದ್ರೆ ಬ್ರೆತೊ 1924ರಲ್ಲಿ ಪ್ರಕಟಿಸಿದ್ದನು. ಎಚ್ಚರದ ತರ್ಕದ ಕಾವಲು ತಪ್ಪಿಸಿ ಕನಸಿನ, ಸುಪ್ತಮನಸ್ಸಿನ ಸರಕನ್ನು ಹಾಗೆಯೇ ಹೊರತರಬೇಕೆಂಬುದು ಅವರ ಹಂಬಲ. ಇದನ್ನು ಅಲ್ಲಮನ ಬೆಡಗಿನ ವಚನಗಳೊಂದಿಗೆ ಹೋಲಿಸುವ ಅಭ್ಯಾಸ ನಮ್ಮಲ್ಲಿ ನವ್ಯದ ಕಾಲದಿಂದ ಬಂದಿದೆ. ನಾನು ಅದನ್ನು ಒಪ್ಪಲಾರೆ. ಬೆಡಗು ಬೀಗ ಹಾಕಿದ ಬಾಗಿಲು. ಕೀಲಿ ಪರಂಪರೆಯ ಕೈಯಲ್ಲಿದೆ, ಕೇಳಿದವರಿಗೆ ಟೀಕಾಕಾರರು ಕೊಟ್ಟಿದ್ದಾರೆ ಕೂಡ. ಡಾಲಿಯ ಬಾಗಿಲಿಗೆ ಬೀಗವಿಲ್ಲ. ಅದು ತೆರೆದೇ ಇದೆ, ಒಳಗೆ ಹೋದವನಿಗೆ ಹೊರಬರುವ ದಾರಿ ಕಾಣುವುದಿಲ್ಲ.

ಆ ವರ್ಷವೇ ಗಾಲಾ ಎಂಬ ರಷ್ಯನ್ ಹೆಣ್ಣುಮಗಳ ಪರಿಚಯವಾಯಿತು. ಆಗ ಅವಳು ಕವಿ ಎಲುಆರ್‌ನ ಹೆಂಡತಿ. ಮುಂದೆ ಡಾಲಿಯ ಹೆಂಡತಿಯೂ ರೂಪದರ್ಶಿಯೂ ಲೆಕ್ಕಪತ್ರದ ಯಜಮಾನಿಯೂ ಆದಳು. ತಂದೆ ಸಿಟ್ಟಿನಿಂದ ಮಗನನ್ನು ಮನೆಯಿಂದ ಹೊರಹಾಕಿದನು. ಹೊರಹಾಕಿಸಿಕೊಂಡ ಮಗ ಎಲ್ಲಿಗೆ ಹೋದ? ಪ್ಯಾರಿಸ್ಸಿನಲ್ಲಿ ನೆಲೆಯಿತ್ತು, ಹೆಸರು ಬೆಳೆಯುತ್ತಿತ್ತು. ಆದರೆ ಅವನು 1930ರಲ್ಲಿ ಕೊಂಡದ್ದು ಕಡಾಕೆಸ್‌ಗೆ ತಾಗಿದ ಪೋರ್ಟ್ ಲಿಗಾಟ್ ಎಂಬ ಕೊಲ್ಲಿಯ ದಂಡೆಯಲ್ಲಿದ್ದ ಬೆಸ್ತರ ಒಂದು ಗುಡಿಸಲನ್ನು. ತಂದೆಯ ಬೇಸಿಗೆಮನೆಯಿಂದ ನಡೆದುಹೋಗುವ ದೂರ. ಊರು ಬಿಡಿಸಿದರೂ ಊರ ಹಿತ್ತಿಲಲ್ಲೇ ಬಂದು ಕುಳಿತ.

ಆ ಗುಡಿಸಲಿನ ದಿನಗಳಲ್ಲಿ, 1931ರಲ್ಲಿ, ಬರೆದದ್ದೇ ಕರಗುವ ಗಡಿಯಾರಗಳ ಚಿತ್ರ. ಪ್ರಪಂಚದ ಎಲ್ಲ ಭಿತ್ತಿಪತ್ರಗಳ ಮೇಲೆ ಬಂದು ಸವಕಲಾಗಿರುವ ಈ ಚಿತ್ರದ ಮೂಲ ಅಳತೆ ಕೇಳಿದರೆ ಆಶ್ಚರ್ಯವಾದೀತು: 24 ಸೆಂಟಿಮೀಟರ್ ಎತ್ತರ, 33 ಸೆಂಟಿಮೀಟರ್ ಅಗಲ. ನಮ್ಮ ಮಕ್ಕಳಿಗೆ ಸ್ಪರ್ಧೆಯಲ್ಲಿ ಕೊಟ್ಟ ಹಾಳೆ ಅದಕ್ಕಿಂತ ದೊಡ್ಡದಾಗಿತ್ತು. 1934ರಿಂದ ಅದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿದೆ. ರಾತ್ರಿಯೂಟದ ಮೇಲೆ ಮೆತ್ತಗಾದ ಚೀಸ್ ನೋಡುತ್ತ ಕುಳಿತಾಗ ಗಡಿಯಾರಗಳು ಹೊಳೆದವೆಂದು ಡಾಲಿ ಹೇಳಿಕೊಂಡಿದ್ದಾನೆ. ಜನ ಗಡಿಯಾರಗಳನ್ನು ನೋಡಿ ಮುಂದೆ ಹೋಗುತ್ತಾರೆ. ಅವುಗಳ ಹಿಂದೆ ನೋಡಬೇಕು. ಅಲ್ಲಿ ಸಂಜೆಬಿಸಿಲಿನಲ್ಲಿ ಹೊಳೆಯುವ ಬಂಡೆಗಳಿವೆ, ನಿಶ್ಚಲವಾದ ಕಡಲಿದೆ. ಅದು ಕನಸಿನ ಲೋಕವಲ್ಲ, ಕ್ರೇಯುಸ್ ಭೂಶಿರ. ಅವನು ಗಡಿಯಾರಗಳನ್ನು ಕರಗಿಸಿದ, ಮುಖಗಳನ್ನು ಕರಗಿಸಿದ, ಊರಿನ ಬಂಡೆಗಳನ್ನು ಮಾತ್ರ ಕರಗಿಸಲಿಲ್ಲ. 1940ರಿಂದ 1948ರವರೆಗೆ ಅಮೆರಿಕದಲ್ಲಿದ್ದಾಗಲೂ, ಹಿಚ್‌ಕಾಕನ ಚಲನಚಿತ್ರಕ್ಕೆ ಕನಸಿನ ದೃಶ್ಯ ಹೆಣೆಯುತ್ತಿದ್ದಾಗಲೂ ಅವನ ದಿಗಂತದಲ್ಲಿ ಅದೇ ಬಯಲು, ಅದೇ ಕಡಲು ಮರುಕಳಿಸುತ್ತವೆ. 1951ರ ಶಿಲುಬೆಯ ಕ್ರಿಸ್ತ ಇಂದು ಗ್ಲಾಸ್ಗೋ ನಗರದಲ್ಲಿದ್ದಾನೆ. ಆ ಕ್ರಿಸ್ತನ ಕೆಳಗಿರುವ ನೀರು ಪೋರ್ಟ್ ಲಿಗಾಟಿನ ಕೊಲ್ಲಿ, ದೋಣಿ ಪೋರ್ಟ್ ಲಿಗಾಟಿನ ಬೆಸ್ತರದು.

ಇದನ್ನೇ ನಾನು ಪಾಠವೆಂದದ್ದು. ಊರು ಬಿಟ್ಟವನ ಮನಸ್ಸಿನಲ್ಲಿ ಊರು ಕ್ಯಾಲೆಂಡರಿನ ಚಿತ್ರವಾಗಿ ಉಳಿದಿರುವುದಿಲ್ಲ. ಅದು ಒಡೆದು, ಕರಗಿ, ಈಗ ಇರುವ ಜಾಗದ ಮೇಲೆ ಸುರಿದುಕೊಂಡಿರುತ್ತದೆ. ಪುಣೆ-ಬೆಂಗಳೂರು ಹೆದ್ದಾರಿ ವಾಕಡದ ನೆತ್ತಿಯ ಮೇಲೆ ಹಾದುಹೋಗುತ್ತದೆ. ರಾತ್ರಿ ಅದರ ಪಕ್ಕದಲ್ಲಿ ಊರಿನ ಬಸ್ಸಿಗೆ ಕಾಯುತ್ತ ನಿಂತವನಿಗೆ ಎದುರಿನ ಗೋಪುರಗಳ ಬೆಳಕು ಒಮ್ಮೊಮ್ಮೆ ಜಾತ್ರೆಯ ತೇರಿನಂತೆ ಕಂಡರೆ ಅದು ಅವನ ಕಣ್ಣಿನ ದೋಷವಲ್ಲ. ಆ ಹುಡುಗಿಯ ಊರಿನ ಬಾವಿ ಮೂರನೆಯ ಅಂತಸ್ತಿನಲ್ಲಿದ್ದರೆ ಅದು ಅಸಂಬದ್ಧವಲ್ಲ, ವರದಿ.

ಈಗ ಆನೆಯ ವಿಷಯ. ಡಾಲಿಗೂ ಕನ್ನಡನಾಡಿಗೂ ಇರುವ ನೇರ ಸಂಬಂಧ ಇದೊಂದೇ, ಮತ್ತು ಇದನ್ನು ತಿಳಿದವರು ನಮ್ಮಲ್ಲಿ ಕಡಿಮೆ.

1967ರಲ್ಲಿ ಏರ್ ಇಂಡಿಯಾ ಸಂಸ್ಥೆ, ಆಗ ಅದು ಸರ್ಕಾರದ ಸ್ವತ್ತು, ಮೊದಲ ದರ್ಜೆಯ ಪ್ರಯಾಣಿಕರಿಗೆ ಉಡುಗೊರೆಯಾಗಿ ಕೊಡಲು ಏನಾದರೊಂದನ್ನು ರೂಪಿಸಿಕೊಡಬೇಕೆಂದು ಡಾಲಿಯನ್ನು ಕೇಳಿತು. ಅವನು ಪಿಂಗಾಣಿಯ ಒಂದು ಬೂದಿಬಟ್ಟಲನ್ನು ರೂಪಿಸಿಕೊಟ್ಟ. ಚಿಪ್ಪಿನಾಕಾರದ ಬಟ್ಟಲು, ಅಂಚಿಗೆ ಸುತ್ತಿಕೊಂಡ ಹಾವು, ಹೊರುವುದಕ್ಕೆ ಹಂಸ ಮತ್ತು ಆನೆಯ ತಲೆಗಳು. ಅದರ ಚಮತ್ಕಾರ ಇಷ್ಟೇ: ತಲೆಕೆಳಗು ಮಾಡಿದರೆ ಹಂಸ ಆನೆಯಾಗುತ್ತದೆ, ಆನೆ ಹಂಸವಾಗುತ್ತದೆ. 1937ರಲ್ಲಿ ಕೆರೆಯ ಹಂಸಗಳ ಪ್ರತಿಬಿಂಬ ಆನೆಗಳಾಗಿ ಕಾಣುವ ಚಿತ್ರವೊಂದನ್ನು ಅವನು ಬರೆದಿದ್ದ. ಅದನ್ನೇ ಮೂವತ್ತು ವರ್ಷಗಳ ನಂತರ ಬೂದಿ ಕೊಡಹುವ ಬಟ್ಟಲಾಗಿ ಮಾರಿದ. ಕೆಲವು ನೂರು ಬಟ್ಟಲುಗಳು ತಯಾರಾದವು. ಇಂದು ಅವು ಹರಾಜಿನ ಅಂಗಡಿಗಳಲ್ಲಿ ದುಬಾರಿ ಸಾಮಾನು.

ಸಂಭಾವನೆಯೇನು ಎಂದು ಕೇಳಿದಾಗ ಡಾಲಿ ಹಣ ಬೇಡವೆಂದ, ಆನೆಯ ಮರಿಯೊಂದು ಬೇಕೆಂದ. ಏರ್ ಇಂಡಿಯಾದವರು ಬೆಂಗಳೂರಿನಿಂದ ಎರಡು ವರ್ಷದ ಮರಿಯೊಂದನ್ನು ಗೊತ್ತುಮಾಡಿ, ಮಾವುತನ ಜೊತೆಯಲ್ಲಿ ವಿಮಾನವೇರಿಸಿ ಜಿನೀವಾಕ್ಕೆ ಕಳಿಸಿದರು. ಅಲ್ಲಿಂದ ಲಾರಿಯಲ್ಲಿ ಕಡಾಕೆಸ್‌ಗೆ. ಊರಿಗೆ ಊರೇ ಹಬ್ಬ ಮಾಡಿತು. ಹ್ಯಾನಿಬಲ್‌ನಂತೆ ಆನೆಯೇರಿ ಆಲ್ಪ್ಸ್ ಪರ್ವತ ದಾಟುವ ಮಾತನ್ನೂ ಡಾಲಿ ಆಡಿದನೆನ್ನುತ್ತಾರೆ. ಆಡಿದ್ದಾನು, ಆಡುವುದೇ ಅವನ ಉದ್ಯೋಗವಾಗಿತ್ತು. ಕೆಲವು ವರ್ಷ ಅವನ ಬಳಿ ಇದ್ದ ಮರಿ, ಬೆಳೆದು ದೊಡ್ಡದಾದ ಮೇಲೆ, ಮೃಗಾಲಯ ಸೇರಿತು.

ಈ ಕತೆಯನ್ನು ಎಲ್ಲರೂ ತಮಾಷೆಯಾಗಿ ಹೇಳುತ್ತಾರೆ. ನಾನೂ ಸಂಘದ ಒಂದು ಊಟದ ಪಂಕ್ತಿಯಲ್ಲಿ ಹಾಗೆಯೇ ಹೇಳಿ ನಗಿಸಿದ್ದೆ. ಈಗ ನಗು ಬರುವುದಿಲ್ಲ. 1946 ಮತ್ತು 1948ರ ಅವನ ಪ್ರಸಿದ್ಧ ಚಿತ್ರಗಳಲ್ಲಿ ಆನೆಗಳಿವೆ. ರೋಮ್ ನಗರದಲ್ಲಿ ಬರ್ನಿನಿ ರೂಪಿಸಿದ, ಬೆನ್ನ ಮೇಲೆ ಶಿಲಾಸ್ತಂಭ ಹೊತ್ತ ಆನೆಯ ಮೊಮ್ಮಕ್ಕಳು ಅವು. ಕಾಲುಗಳು ಜೇಡನ ಕಾಲಿನಂತೆ ತೆಳ್ಳಗೆ, ಮುಗಿಲಿಗೆ ತಾಗುವಷ್ಟು ಉದ್ದ. ಬಹು ಚೆಲುವಾದ ಆನೆಗಳು. ಮೇವು ಕೇಳುವುದಿಲ್ಲ, ಸಗಣಿ ಹಾಕುವುದಿಲ್ಲ, ತಾಯನ್ನು ನೆನೆದು ಘೀಳಿಡುವುದಿಲ್ಲ. ಅಂಥ ಆನೆಯನ್ನು ಬರೆದವನ ಅಂಗಳಕ್ಕೆ ಎರಡು ವರ್ಷದ ನಿಜವಾದ ಮರಿಯೊಂದು ಬಂದು ಇಳಿಯಿತು. ಆನೆಯ ಮರಿ ಎರಡು ವರ್ಷಕ್ಕೆ ಇನ್ನೂ ತಾಯಹಾಲು ಕುಡಿಯುತ್ತಿರುತ್ತದೆ. ನಮ್ಮ ನಾಡಿನಲ್ಲಿ ಆನೆಗೆ ಹೆಸರಿರುತ್ತದೆ, ಚರಿತ್ರೆಯಿರುತ್ತದೆ. ದ್ರೋಣ, ಬಲರಾಮ, ಅರ್ಜುನ, ಅಭಿಮನ್ಯು ಎಂದು ಅಂಬಾರಿ ಹೊತ್ತವರ ವಂಶಾವಳಿಯನ್ನು ಮೈಸೂರಿನ ಜಟಕಾದವನೂ ಒಪ್ಪಿಸುತ್ತಾನೆ; 1998ರಲ್ಲಿ ದ್ರೋಣ ವಿದ್ಯುತ್ ತಗುಲಿ ಸತ್ತಾಗ, 2023ರಲ್ಲಿ ಅರ್ಜುನ ಕಾಡಾನೆಯೊಂದಿಗೆ ಕಾದಾಡಿ ಸತ್ತಾಗ ಜನ ಅತ್ತರು. ಕಡಾಕೆಸ್‌ಗೆ ಹೋದ ಮರಿಯನ್ನು ಮಾತ್ರ ನಾನು ಓದಿದ ಬರಹಗಳೆಲ್ಲ ಡಾಲಿಯ ಹುಚ್ಚಾಟಗಳ ಪಟ್ಟಿಯಲ್ಲಿ ಸೇರಿಸಿ ಕೈತೊಳೆದುಕೊಳ್ಳುತ್ತವೆ. ಹೊರನಾಡಿಗೆ ಹೋದ ಕನ್ನಡದ ಜೀವಗಳಲ್ಲಿ ಅದೂ ಒಂದು ಎಂದರೆ ಓದುಗರು ನಗದಿರಲಿ. ಅದರ ಕಿವಿಯ ಮೇಲೆ ಬಿದ್ದಿದ್ದ ಮಾತು ಅಲ್ಲಿ ಮಾವುತನ ಬಾಯಲ್ಲಿ ಮಾತ್ರ ಉಳಿದಿತ್ತು.

ಮಾತಿನ ವಿಷಯಕ್ಕೆ ಬಂದದ್ದರಿಂದ ಎಚ್ಚರಿಕೆಯ ಭಾಗವನ್ನು ಹೇಳಿಬಿಡುತ್ತೇನೆ. ಡಾಲಿಯ ತಾಯ್ನುಡಿ ಸ್ಪ್ಯಾನಿಷ್ ಅಲ್ಲ, ಕೆಟಲಾನ್. ಅವನನ್ನು ಸ್ಪೇನಿನ ಚಿತ್ರಕಾರನೆಂದು ಕರೆದು ನಾವು ಈ ಸಂಗತಿಯನ್ನು ಮರೆಯುತ್ತೇವೆ. 1936ರಲ್ಲಿ ಅಂತರ್ಯುದ್ಧ ಆರಂಭವಾಯಿತು. ಆ ಆಗಸ್ಟಿನಲ್ಲಿ ಗೆಳೆಯ ಲೋರ್ಕಾನನ್ನು ಫ್ರಾಂಕೋ ಪಕ್ಷದವರು ಗ್ರಾನಡಾದ ಹೊರವಲಯದಲ್ಲಿ ಗುಂಡಿಟ್ಟು ಕೊಂದರು. ಆ ಸುದ್ದಿ ಕೇಳಿದಾಗ ಗೂಳಿಕಾಳಗದ ಪ್ರೇಕ್ಷಕನ ಶಹಬ್ಬಾಸ್ ತನ್ನ ಬಾಯಿಂದ ಹೊರಟಿತೆಂದು ಡಾಲಿಯೇ ಮುಂದೆ ಬರೆದುಕೊಂಡಿದ್ದಾನೆ. ಅದೇ 1936ರಲ್ಲಿ, ತನ್ನನ್ನು ತಾನೇ ಕಿತ್ತುಕೊಳ್ಳುವ ರಾಕ್ಷಸ ದೇಹದ ಚಿತ್ರವನ್ನು ಬರೆದಿದ್ದವನೂ ಅವನೇ. ಅಂತರ್ಯುದ್ಧದ ಬಗ್ಗೆ ಅಷ್ಟು ಭಯಾನಕವಾದ ಚಿತ್ರ ಮತ್ತೊಂದು ಇದೆಯಾದರೆ ಅದು ಪಿಕಾಸೋನ ಗೆರ್ನಿಕಾ. ಕೈ ಕಂಡದ್ದನ್ನು ಬಾಯಿ ಒಪ್ಪಲಿಲ್ಲ.

1939ರಲ್ಲಿ ಗೆದ್ದ ಫ್ರಾಂಕೋ ಕೆಟಲಾನ್ ಭಾಷೆಯನ್ನು ಶಾಲೆಯಿಂದ, ಕಚೇರಿಯಿಂದ, ಪತ್ರಿಕೆಗಳಿಂದ ಹೊರದೂಡಿದನು. ಹುಟ್ಟಿದ ಮಗುವಿಗೆ ಕೆಟಲಾನ್ ಹೆಸರನ್ನು ದಾಖಲಿಸುವಂತಿರಲಿಲ್ಲ. ಚೆಲ್ಲೊ ವಾದಕ ಪೌ ಕಾಸಾಲ್ಸ್ ದೇಶ ಬಿಟ್ಟು ಗಡಿಯಾಚೆಯ ಪ್ರಾದ್ ಎಂಬ ಪುಟ್ಟ ಊರಿನಲ್ಲಿ ಕುಳಿತು, ಫ್ರಾಂಕೋನನ್ನು ಮಾನ್ಯಮಾಡಿದ ದೇಶಗಳಲ್ಲಿ ವಾದ್ಯ ನುಡಿಸುವುದಿಲ್ಲವೆಂದನು. 1973ರಲ್ಲಿ ಪರದೇಶದಲ್ಲೇ ಸತ್ತನು. ಡಾಲಿಯಷ್ಟೇ ದೊಡ್ಡ ಸರ್ರಿಯಲಿಸ್ಟನೂ ಡಾಲಿಯಂತೆಯೇ ಕೆಟಲಾನನೂ ಆದ ಹುಆನ್ ಮಿರೊ, ಮಾತು ಕಡಿಮೆಯ ಮನುಷ್ಯ, 1970ರಲ್ಲಿ ತನ್ನ ಎಪ್ಪತ್ತೇಳರ ವಯಸ್ಸಿನಲ್ಲಿ ಮೊಂಟ್ಸೆರಾಟ್ ಮಠದಲ್ಲಿ ಬುದ್ಧಿಜೀವಿಗಳು ನಡೆಸಿದ ಪ್ರತಿಭಟನೆಯಲ್ಲಿ ಹೋಗಿ ಕುಳಿತನು. ಡಾಲಿ? 1948ರಲ್ಲಿ ಮರಳಿ ಬಂದು ತನ್ನ ಕೊಲ್ಲಿಯಲ್ಲಿ ನೆಲೆಸಿದನು. 1956ರಲ್ಲಿ ಫ್ರಾಂಕೋನ ಭೇಟಿ ಪಡೆದನು. 1975ರ ಸೆಪ್ಟೆಂಬರಿನಲ್ಲಿ ಐವರು ಕೈದಿಗಳನ್ನು ಗುಂಡಿಟ್ಟು ಕೊಂದಾಗ ಯೂರೋಪು ಬೀದಿಗಿಳಿಯಿತು. ಡಾಲಿ ಬಹಿರಂಗವಾಗಿ ಆ ಕೊಲೆಗಳನ್ನು ಸಮರ್ಥಿಸಿದನು. 1982ರಲ್ಲಿ ಗಾಲಾ ತೀರಿಕೊಂಡಳು. ಅದೇ ವರ್ಷ ಅರಸ ಅವನಿಗೆ ಮಾರ್ಕ್ವಿಸ್ ಪದವಿ ಕೊಟ್ಟನು, ಅವನು ಅಂತಿಮ ಉಯಿಲು ಬರೆದನು. ಸಮಸ್ತ ಆಸ್ತಿ, ಸಮಸ್ತ ಚಿತ್ರಗಳು ಸ್ಪೇನಿನ ಪ್ರಭುತ್ವಕ್ಕೆ. ಆ ವೇಳೆಗೆ ಮರುಹುಟ್ಟು ಪಡೆದಿದ್ದ ಕೆಟಲೋನಿಯ ಸರ್ಕಾರಕ್ಕೆ ಒಂದು ಕುಂಚವೂ ಇಲ್ಲ. 1989ರ ಜನವರಿ 23ರಂದು ಅವನು ಸತ್ತಾಗ ಉಯಿಲನ್ನು ಓದಿದ ಕೆಟಲಾನರಿಗೆ ಆಘಾತವಾಯಿತು. ಶವ ಮಾತ್ರ ಫಿಗೆರಸ್‌ನಲ್ಲಿ ಉಳಿಯಿತು. ಅಂತರ್ಯುದ್ಧದಲ್ಲಿ ಸುಟ್ಟಿದ್ದ ಹಳೆಯ ನಾಟಕಶಾಲೆಯನ್ನು ಅವನು 1974ರಲ್ಲಿ ತನ್ನದೇ ಸಂಗ್ರಹಾಲಯವಾಗಿ ತೆರೆದಿದ್ದ, ಅದರ ನೆಲದಡಿಯಲ್ಲಿ.

ಬ್ರೆತೊ 1939ರಲ್ಲಿ ಅವನ ಹೆಸರಿನ ಅಕ್ಷರಗಳನ್ನೇ ಕದಲಿಸಿ ಡಾಲರುದಾಹಿ ಎಂಬರ್ಥ ಬರುವ ಅಡ್ಡಹೆಸರು ಕಟ್ಟಿದ್ದನು. ಹಣದ ಆಸೆಯೇ ಅವನ ದೊಡ್ಡ ಪಾಪವೆಂದು ನನಗನ್ನಿಸುವುದಿಲ್ಲ. ಚಾಕಲೇಟಿನ ಜಾಹೀರಾತಿನಲ್ಲಿ ಮೀಸೆ ತಿರುವಿದವನನ್ನು ಕ್ಷಮಿಸಬಹುದು. ನನ್ನನ್ನು ಕೆಣಕುವುದು ಬೇರೆ. ತನ್ನ ಊರಿನ ಒಂದೊಂದು ಬಂಡೆಯ ಮಡಿಕೆಯನ್ನೂ ಜೀವಮಾನವಿಡೀ ಬಿಡದೆ ಬರೆದವನು, ಆ ಬಂಡೆಗೆ ಒಂಟೆಯೆಂದು, ಹದ್ದೆಂದು ಹೆಸರಿಟ್ಟ ಭಾಷೆಯ ಕತ್ತು ಹಿಸುಕಿದಾಗ ಸುಮ್ಮನಿದ್ದನು. ನೆಲವನ್ನು ಇಟ್ಟುಕೊಂಡು ನುಡಿಯನ್ನು ಬಿಟ್ಟುಕೊಡುವುದು ಸಾಧ್ಯ, ಸುಲಭ, ಸುಖಕರ ಕೂಡ ಎಂದು ಅವನ ಬದುಕು ತೋರಿಸಿತು. ದೃಶ್ಯ ಯಾವ ಪ್ರಭುತ್ವಕ್ಕೂ ತೊಂದರೆ ಕೊಡುವುದಿಲ್ಲ.

ಕಲಾವಿದನನ್ನು ಕಲೆಯಿಂದ ಅಳೆಯಬೇಕು, ನಡತೆಯಿಂದಲ್ಲ ಎಂದು ಕೆಲವರು ಆಕ್ಷೇಪಿಸುವರು. ಒಪ್ಪುತ್ತೇನೆ, ಅವನ ಚಿತ್ರಗಳನ್ನು ಹೊಗಳಿದವನು ನಾನೇ. ಆದರೆ ನಮ್ಮ ಮುಂದೆ ಬೇರೆ ನಿದರ್ಶನಗಳೂ ಇವೆಯಲ್ಲ. ಮನೆಮಾತು ಮರಾಠಿಯಾಗಿದ್ದ ಬೇಂದ್ರೆ ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು. 'ನರಬಲಿ' ಕವಿತೆಗಾಗಿ 1932ರಲ್ಲಿ ಹಿಂಡಲಗಿಯ ಸೆರೆಮನೆ ಕಂಡರು. 1944ರಿಂದ 1956ರವರೆಗೆ ಸೊಲ್ಲಾಪುರದಲ್ಲಿ ಪ್ರಾಧ್ಯಾಪಕರಾಗಿದ್ದರು. ಕನ್ನಡ ಅವರಿಗೆ ಹುಟ್ಟಿನಿಂದ ಬಂದ ದೃಶ್ಯವಲ್ಲ, ಹೊತ್ತುಕೊಂಡ ಹೊಣೆ. ಚಿತ್ರಕಲೆಯಲ್ಲಿಯೇ ನೋಡುವುದಾದರೆ, ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ ಮುಂಬಯಿಯಲ್ಲಿ ಬಾಳಿ 1996ರಲ್ಲಿ ತೀರಿಕೊಂಡ ಕೆ. ಕೆ. ಹೆಬ್ಬಾರರು ಪ್ಯಾರಿಸ್ಸಿಗೂ ಹೋಗಿಬಂದರು, ನಾಗಮಂಡಲವನ್ನೂ ಕೋಳಿಅಂಕವನ್ನೂ ಬರೆದರು. ಅವರ ಊರಿನಲ್ಲಿ ಬಂಡೆಗಿಂತ ಜನ ಹೆಚ್ಚು.

ನಾವು ವಾಕಡದ ಕನ್ನಡಿಗರು ಯಾರ ಕಡೆ? ನಾನು ನೋಡಿದಂತೆ ಇಲ್ಲಿ ಎರಡು ಕನ್ನಡಗಳಿವೆ. ಹಿಂಜೇವಾಡಿಯ ಕಂಪನಿಗಳಿಗಾಗಿ ಬಂದು ಹನ್ನೆರಡನೆಯ ಅಂತಸ್ತಿನಲ್ಲಿ ನೆಲೆಸಿದವರದು ಒಂದು. ಆ ಹನ್ನೆರಡು ಅಂತಸ್ತುಗಳನ್ನು ಕಟ್ಟಲು ವಿಜಾಪುರ, ಕಲಬುರಗಿ, ಯಾದಗಿರಿಗಳಿಂದ ಬಂದವರದು ಇನ್ನೊಂದು. ಮೊದಲನೆಯವರ ಗೋಡೆಯ ಮೇಲೆ ಕಲ್ಲಿನ ರಥವಿದೆ, ಮಕ್ಕಳಿಗೆ ಅಜ್ಜಿಯೊಡನೆ ಫೋನಿನಲ್ಲಿ ಮಾತನಾಡಲು ಬಾರದು. ಎರಡನೆಯವರ ಮಕ್ಕಳು ದಿನವಿಡೀ ಕನ್ನಡದಲ್ಲಿ ಜಗಳವಾಡುತ್ತಾರೆ, ಅದರಲ್ಲಿ ಹೆಸರು ಬರೆಯಲು ಬಾರದು. ಇವರಿಬ್ಬರಿಗೂ ಮರಾಠಿ ಶತ್ರುವಲ್ಲ. ಆ ಹುಡುಗಿಗೆ ಅಕ್ಷರ ಕೊಟ್ಟದ್ದು ಮರಾಠಿ ಶಾಲೆಯೇ, ಅದಕ್ಕೆ ನಾನು ಕೃತಜ್ಞ. ನಮ್ಮ ಸಂಘಕ್ಕೆ ಇಪ್ಪತ್ತೈದು ಶಾಲುಗಳಿಗೆ ಹಣವಿತ್ತು, ಒಂದು ಡಜನ್ ಕನ್ನಡ ಬಾಲಬೋಧೆಗಳಿಗೆ ಇರಲಿಲ್ಲ ಎಂಬುದಷ್ಟೇ ನನ್ನ ತಕರಾರು. ಆ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ನಾನೂ ಇದ್ದೇನೆ.

ಜನವರಿಯಲ್ಲಿ ಆ ನಿರ್ಮಾಣಸ್ಥಳಕ್ಕೆ ಹೋಗಿದ್ದೆ. ಕಟ್ಟಡಕ್ಕೆ ಗೋಡೆ ಬಂದಿತ್ತು, ಬಣ್ಣ ಬಂದಿತ್ತು, ತಗಡಿನ ಶೆಡ್ಡುಗಳಿದ್ದ ಜಾಗದಲ್ಲಿ ಹುಲ್ಲುಹಾಸು ಹಾಸುತ್ತಿದ್ದರು. ಆ ಜನ ಮಾಣ ಕಡೆಗೆ ಹೋದರೆಂದು ಕಾವಲುಗಾರ ಹೇಳಿದ. ಅವನೂ ಕನ್ನಡದವನೇ, ಇಂಡಿ ತಾಲೂಕು. ಚಿತ್ರ ನನ್ನ ಬಳಿಯಿದೆ. ಮುಂದಿನ ರಾಜ್ಯೋತ್ಸವದ ಸ್ಪರ್ಧೆಗೆ ವಿಷಯ ಕೊಡಬಾರದೆಂದೂ, ಹಾಳೆ ಮತ್ತು ಬಣ್ಣದ ಪೆಟ್ಟಿಗೆಗಳನ್ನು ಶೆಡ್ಡುಗಳಿಗೇ ಒಯ್ಯಬೇಕೆಂದೂ, ತೀರ್ಪುಗಾರರ ಪಟ್ಟಿಯಿಂದ ನನ್ನನ್ನು ಕೈಬಿಡಬೇಕೆಂದೂ ಕಾರ್ಯದರ್ಶಿಯವರಿಗೆ ಬರೆದುಕೊಟ್ಟಿದ್ದೇನೆ. ಮೊದಲನೆಯ ಎರಡನ್ನು ಸಭೆಯ ಮುಂದಿಡುವುದಾಗಿ ಹೇಳಿದ್ದಾರೆ. ಮೂರನೆಯದನ್ನು ಕೂಡಲೇ ಒಪ್ಪಿಕೊಂಡರು.